ಸದರಿಯವರು

ನಮ್ಮ ತಾಲ್ಲೂಕಿನ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ನನ್ನ ಗಂಡ ಓ ಅನ್ನುತ್ತಾರೆ. ಬಸ್ಸಿನಲ್ಲಾದರೆ ಹಿಂದಿನ ಸೀಟಿನಿಂದ, ಸಂತೆಯಲ್ಲಾದರೆ ಪಕ್ಕದ ಅಂಗಡಿಯ ತಟ್ಟಿಯ ಆಚೆಯಿಂದ, ಮನೆಯಲ್ಲಾದರೆ ಒಳಕೋಣೆಯಿಂದ. ಹೋಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಮೊದಮೊದಲು ಜನ ಹೋಗಿ ನೋಡುತ್ತಿದ್ದರು. ಈಗ ತಿರುಗಿಯೂ ನೋಡದೆ ಮಾತು ಮುಂದುವರಿಸುತ್ತಾರೆ.

ಅವರು ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದರು. ಎಲ್ಲೋ ಹಿಮದ ಗಡಿಯಲ್ಲಿ, ತಮ್ಮ ಕೈಕೆಳಗಿನ ಜವಾನರನ್ನು ಹಿಂದಕ್ಕೆ ಕಳಿಸಿ, ತಾವೊಬ್ಬರೇ ನಿಂತು ಪ್ರಾಣ ಕೊಟ್ಟರು. ಮರುವರ್ಷ ಸರ್ಕಾರ ಅವರ ಗೌರವಾರ್ಥ ತಾಲ್ಲೂಕಿಗೆ ಅವರ ಹೆಸರಿಟ್ಟಿತು. ಮೈದಾನದಲ್ಲಿ ಶಾಮಿಯಾನ ಹಾಕಿಸಿದ್ದರು. ಮಂತ್ರಿಗಳು ಎದ್ದು, "ಇಂದಿನಿಂದ ಇದು ವೃಷಭೇಂದ್ರ ತಾಲ್ಲೂಕು" ಎಂದು ಘೋಷಿಸಿದ್ದೇ ತಡ, ಶಾಮಿಯಾನದ ಹಿಂದಿನಿಂದ ನನ್ನ ಗಂಡ ಓ ಅಂದರು. ಜನ ಚಪ್ಪಾಳೆ ತಟ್ಟಿದರು. ಮಂತ್ರಿಗಳಿಗೆ ಹುರುಪು ಬಂದು ಪ್ರತಿ ವಾಕ್ಯಕ್ಕೂ ಆ ಹೆಸರನ್ನು ಸೇರಿಸಿದರು, ಪ್ರತಿ ಸಲವೂ ಓ ಬಂತು. ಕೊನೆಗೆ ಅವರಿಗೇ ಸಾಕಾಗಿ ಭಾಷಣ ಮೊಟಕು ಮಾಡಿ ಊಟಕ್ಕೆ ಎದ್ದರು. ಆ ಸಾಕಾದದ್ದು ಊರಿಗೆಲ್ಲ ಹಬ್ಬಲು ಬಹಳ ಕಾಲ ಬೇಕಾಗಲಿಲ್ಲ.

ಕೋರ್ಟಿನಲ್ಲಿ ಸಾಕ್ಷಿ ತನ್ನ ವಿಳಾಸ ಹೇಳುವಷ್ಟರಲ್ಲಿ ಮೂಲೆಯಿಂದ ಓ ಬಂದು ವಕೀಲರ ಪ್ರಶ್ನೆ ಮರೆತುಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಹತ್ತಿ ಹರಾಜು ಕೂಗುವವನು ಮಾಲು ಎಲ್ಲಿಯದೆಂದು ಹೇಳಿ, ಬಂದ ಓ ಅನ್ನೇ ಸವಾಲೆಂದು ಹಿಡಿದು, ಒಂದು ಗಾಡಿ ಹತ್ತಿಯನ್ನು ನನ್ನ ಗಂಡನ ಹೆಸರಿಗೆ ಮುಗಿಸಿ, ಅದನ್ನು ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದ. ಪೇಟೆಯಲ್ಲಿ ಅದೇ ಹೆಸರಿನ ಕಬ್ಬಿಣದ ಅಂಗಡಿಯವನೊಬ್ಬನಿದ್ದ. ಹೆಂಡತಿ ಮಕ್ಕಳೆದುರಿಗೆ, ತನ್ನನ್ನು ಯಾರಾದರೂ ಕರೆದಾಗಲೆಲ್ಲ ತನಗಿಂತ ಮೊದಲು ಇನ್ನೊಬ್ಬರು ಓಗೊಡುವುದನ್ನು ತಾಳಲಾರದೆ ಅವನು ಹೆಸರನ್ನೇ ಬದಲಿಸಿಕೊಂಡ.

ದಾರಿ ತೋರಿಸಿದ್ದು ತಹಸೀಲ್ದಾರ್ ಕಚೇರಿ. ಅಲ್ಲಿ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಕಾದರೆ ಸದರಿ ಎಂದು ಬರೆಯುವುದು ಮೊದಲಿನಿಂದಲೂ ವಾಡಿಕೆ. ಸದರಿ ಜಮೀನು, ಸದರಿ ಅರ್ಜಿದಾರ. ಅವರು ತಾಲ್ಲೂಕಿಗೂ ಸದರಿ ತಾಲ್ಲೂಕು ಎನ್ನತೊಡಗಿದರು. ಅದು ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಬಂತು. ಕಂಡಕ್ಟರುಗಳು "ಸದರಿ, ಸದರಿ, ಸದರಿ" ಎಂದು ಕೂಗತೊಡಗಿದರು. ಶಾಲೆಯ ಮಕ್ಕಳು ತಾವು ಸದರಿಯವರು ಎಂದು ಕಲಿತವು. ನನ್ನ ಬೆನ್ನ ಹಿಂದೆ ನನ್ನನ್ನು ಸದರಿಯವರ ಮನೆಯವರು ಅನ್ನುತ್ತಾರೆಂದು ನನಗೆ ಗೊತ್ತು. ನಾನೂ ಮನಸ್ಸಿನಲ್ಲಿ ಅವರನ್ನು ಸದರಿಯವರು ಎಂದೇ ಕರೆಯುತ್ತೇನೆ. ಅನುಕೂಲವಾಗಿದೆ.

ನಾನು ಇಲ್ಲಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ನಗುವವರು ನಗಬಹುದು.

ಪರ ಊರಿನಿಂದ ಆ ದನಿಯನ್ನು ಕೇಳಲೆಂದೇ ಜನ ಬರುತ್ತಾರೆ. ಹೆಸರು ಹೇಳಿ, ಓ ಕೇಳಿ, ಕೈಮುಗಿದು, ಕಣ್ಣೊರೆಸಿಕೊಳ್ಳುತ್ತಾರೆ. "ಎಂಥಾ ಗಂಭೀರ ದನಿರೀ, ಈಗೂ ಕರ್ತವ್ಯದ ಮ್ಯಾಲೆ ಅದಾರ" ಅನ್ನುತ್ತಾರೆ. ಆ ಓ ನನಗೆ ಚೆನ್ನಾಗಿ ಗೊತ್ತು. ರಜೆಗೆ ಬಂದಾಗ ಪೇಪರ್ ಹಿಡಿದು ಕೂತವರಿಗೆ ನಾನು "ಗ್ಯಾಸ್ ಮುಗಿದಿದೆ" ಅಂದರೆ ಬರುತ್ತಿದ್ದ ಓ ಅದು. "ನಿಮ್ಮವ್ವನಿಗೆ ಮೊಣಕಾಲು ನೋವಂತೆ" ಅಂದರೂ ಅದೇ. ತಲೆ ಎತ್ತದೆ, ಪುಟ ತಿರುವದೆ, ಕೇಳಿಸಿಕೊಳ್ಳದೆ ಅನ್ನುವ ಓ. ಒಂದು ಇಡೀ ತಾಲ್ಲೂಕು ಕೈಮುಗಿಯುತ್ತಿರುವುದು ಇದಕ್ಕೆ ಎಂದು ಯಾರಿಗೆ ಹೇಳಲಿ?

ನಾನು ಆ ಹೆಸರನ್ನು ಒಮ್ಮೆಯೂ ಹೇಳಿದವಳಾಗಿರಲಿಲ್ಲ. ಗಂಡನ ಹೆಸರು ಹೇಳಬಾರದೆಂಬ ಪದ್ಧತಿಯೇ ಕಾರಣವೆಂದು ಊರವರು ತಿಳಿದಿದ್ದರು, ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆ. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದಿದ್ದರು. ಒಡಪು ಬರುವುದಿಲ್ಲ, ಬೇಕಾದರೆ ಬರೀ ಹೆಸರು ಹೇಳುತ್ತೇನೆ ಎಂದೆ. ಎಲ್ಲರೂ ಕಿವಿ ಮುಚ್ಚಿಕೊಂಡು ನಕ್ಕರು. ಕೊನೆಗೆ ನನ್ನ ಗಂಡನೇ "ಬಿಡ್ರಿ, ಒಳಗ ಬರಲಿ, ಹಸಿವಿ ಆಗೈತಿ" ಅಂದರು. ಆಮೇಲೆ "ರೀ" ಸಾಕಾಯಿತು. ಅವರು ಹೋದ ಮೇಲೆ ಹೇಳಬಹುದಿತ್ತು. ಆದರೆ ಕಂಡಕ್ಟರಿಗೆ ಸಿಕ್ಕ ಓ ನನಗೂ ಸಿಕ್ಕರೆ? ಕರೆಯದಿರುವವರೆಗೆ ನನ್ನದು ಬೇರೆ ಇರಬಹುದು ಅಂದುಕೊಳ್ಳಲು ಜಾಗವಿತ್ತು. ಇದು ತರ್ಕವಲ್ಲ ಎಂದು ನನಗೂ ಗೊತ್ತಿದೆ.

ನಮ್ಮ ಅತ್ತೆ ದಾನವ್ವನಿಗೆ ಇಂಥ ಯಾವ ತೊಂದರೆಯೂ ಇಲ್ಲ. ಬೆಳಗ್ಗೆ ಎದ್ದವಳೇ, "ವೃಷಭೇಂದ್ರಾ!"

"ಓ."

"ಏಳಪಾ, ಬಿಸಿಲು ಬಂತು."

ಮಧ್ಯಾಹ್ನ ರೊಟ್ಟಿ ಬಡಿಯುತ್ತ, "ವೃಷಭೇಂದ್ರಾ, ಉಣ್ಣಾಕ ಬಾ." ಓ. ಸಂಜೆ ಅಂಗಳದಲ್ಲಿ ನಿಂತು ಮೋಡ ನೋಡುತ್ತ, "ವೃಷಭೇಂದ್ರಾ, ಮಳಿ ಬರಾಂಗೈತಿ, ಅರಿವಿ ಒಳಗ ತಗೋ." ಓ. ಓ ಅನ್ನುವವರು ಅವರು, ಒಣಹಾಕಿದ ಬಟ್ಟೆ ಒಳಗೆ ತರುವವಳು ನಾನು. ತಾಟು ಹಾಕಿ, ಆರಿದ ರೊಟ್ಟಿಯನ್ನು ಸಂಜೆಗೆ ತಿನ್ನುವವಳೂ ನಾನೇ. ಒಮ್ಮೆ ತಡೆಯಲಾರದೆ, "ಅತ್ತಿ, ಅವರು ಬರಂಗಿಲ್ಲ. ಬರೇ ಓ ಅಂತಾರ" ಅಂದೆ. "ಇದ್ದಾಗರ ಮತ್ತೇನ್ ಮಾಡ್ತಿದ್ದ?" ಅಂದಳು.

ಅಂಥವಳು ಒಂದು ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಕಣ್ಣು ಬಿಟ್ಟು, ಯಾಕೆ ಓಡಿ ಬಂದೆ, ಹಾಲು ಉಕ್ಕುತ್ತದೆ ಎಂದು ಬೈದಳು. ಡಾಕ್ಟರ್ ಮುನವಳ್ಳಿಯವರು ಬಂದು, ಎದೆಗೆ ತಂತಿಗಳನ್ನು ಅಂಟಿಸಿ, ಹೊರಬಂದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಮೇಡಂ, ಎದಿ ಬಡಿತ ನಡುನಡುವ ನಿಂದರತೈತಿ. ನಿಂತು ಮತ್ತ ಶುರು ಆಗತೈತಿ. ಸಣ್ಣ ಯಂತ್ರ ಒಂದು ಕೂಡಸಬೇಕು, ಪೇಸ್‌ಮೇಕರ್. ಇಲ್ಲಿ ಆಗಂಗಿಲ್ಲ, ಹೊಳಿ ಆಚೆ ದೊಡ್ಡ ಆಸ್ಪತ್ರಿಗೆ ಒಯ್ಯಬೇಕು. ಇದೇ ವಾರದಾಗ."

"ತಡವಾದರೆ?"

"ಒಂದು ಸಲ ನಿಂತದ್ದು ಮತ್ತ ಶುರು ಆಗಲಿಕ್ಕಿಲ್ಲ. ಅಷ್ಟ."

ಒಳಗಿನಿಂದ ಅತ್ತೆ, "ಹೊಳಿ ದಾಟಂಗಿಲ್ಲ ನಾ" ಎಂದು ಕೂಗಿದಳು.

ಹೊಳೆಯೇ ತಾಲ್ಲೂಕಿನ ಗಡಿ. ಸೇತುವೆಯ ಆಚೆ ಹೆಸರು ಹೇಳಿದರೆ ಅದು ಬರೀ ಹೆಸರು, ಯಾರೂ ಓಗೊಡುವುದಿಲ್ಲ. ಹಿಂದೊಮ್ಮೆ ತನ್ನ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಆಚೆ ಹೋದ ಅತ್ತೆ, ಊಟದ ಹೊತ್ತಿಗೆ ರೂಢಿಯಂತೆ ಮಗನನ್ನು ಕರೆದು, ಉತ್ತರ ಬಾರದೆ, ತಾಟಿನ ಮುಂದಿನಿಂದ ಎದ್ದು ಉಪವಾಸ ವಾಪಸು ಬಂದಿದ್ದಳು. ಆಮೇಲೆ ಹೊಳೆ ದಾಟಿಲ್ಲ.

ನಾನು ಪರಿಪರಿಯಾಗಿ ಹೇಳಿದೆ. "ನಾಲ್ಕು ದಿನದ ಮಾತು ಅತ್ತಿ, ಹೋಗಿ ಬಂದುಬಿಡೋಣ."

"ನೀ ಹೋಗಿ ಹಾಕಿಸ್ಕೊಂಡು ಬಾ."

"ನನಗೇನಾಗಿದೆ ಹಾಕಿಸಿಕೊಳ್ಳಲಿಕ್ಕೆ?"

"ನಿನಗ ಎದೀ ಇಲ್ಲ, ಅದಕ್ಕ ಏನೂ ಆಗಂಗಿಲ್ಲ" ಎಂದು ಮಗ್ಗುಲಾದಳು.

ಅತ್ತೆ ಹೋಗಲೊಲ್ಲೆ ಅನ್ನುವುದು ಓ ಕೇಳಿಸುವುದಿಲ್ಲವೆಂದು. ಓ ಕೇಳಿಸಿದರೆ ಹೋಗುತ್ತಾಳೆ. ಹಾಗಾದರೆ ಓ ಅನ್ನು ಆಚೆಗೆ ಒಯ್ಯಬೇಕು. ನಾನು ಹಾಗೆ ಲೆಕ್ಕ ಹಾಕಿದೆ. ಮೊಬೈಲಿನಲ್ಲಿ ಹಿಡಿಯೋಣವೆಂದು ಅವಳ ಬಾಯಿಂದ ಹೆಸರು ಕೂಗಿಸಿದೆ. ಓ ಸ್ಪಷ್ಟವಾಗಿ ಬಂತು. ಮತ್ತೆ ಹಾಕಿ ಕೇಳಿದರೆ ಅತ್ತೆಯ ದನಿಯಿತ್ತು, ಹೊರಗಿನ ಕಾಗೆಯ ದನಿಯಿತ್ತು, ನಡುವೆ ಏನೂ ಇರಲಿಲ್ಲ. "ನಿನ್ನ ಡಬ್ಬಿ ಕಿವುಡೈತಿ" ಎಂದು ಅತ್ತೆ ಫೋನನ್ನು ಹಿಂದಕ್ಕೆ ಕೊಟ್ಟಳು.

ತಹಸೀಲ್ದಾರ್ ಇನಾಮದಾರರ ಬಳಿಗೆ ಹೋದೆ. ಹೊಳೆಯಾಚೆಯ ಆಸ್ಪತ್ರೆಯ ಒಂದು ಕೋಣೆಯನ್ನು, ಒಂದು ವಾರದ ಮಟ್ಟಿಗೆ, ಸದರಿ ತಾಲ್ಲೂಕಿಗೆ ಸೇರಿಸಬಹುದೇ ಎಂದು ಕೇಳಿದೆ. ನನ್ನ ಬಾಯಿಂದ ಇಂಥ ಮಾತು ಬರುತ್ತಿದೆಯಲ್ಲ ಎಂದು ನನಗೇ ನಾಚಿಕೆಯಾಯಿತು, ಆದರೂ ಕೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಗಡಿ ಅಂದ್ರ ಕುಬಸದ ತೋಳೇನ್ರಿ, ಹೊಲಿಗಿ ಬಿಚ್ಚಿ ಒಂದು ಬೆರಳು ಬಿಡಾಕ? ಒಮ್ಮೆ ವೃಷಭೇಂದ್ರ ತಾಲ್ಲೂಕು ಅಂತ..."

"ಓ" ಎಂದಿತು ಬೀರುವಿನ ಹಿಂದೆ.

"...ಅಂತ ಮ್ಯಾಲಿನವರು ಗೆರಿ ಎಳದ ಮ್ಯಾಲೆ... ಏನ್ ಹೇಳಾಕತ್ತಿದ್ದೆ ನಾ?"

"ಸಾಹೇಬ್ರ, ಸದರಿ ಅನ್ರೀ" ಎಂದ ಬಾಗಿಲಲ್ಲಿದ್ದ ಜವಾನ.

"ನೋಡ್ರಿ, ಇವರ ಕಾಟದಾಗ ಒಂದು ಮಾತೂ ಪೂರ್ತಿ ಆಗವಲ್ದು" ಎಂದು ರೇಗಿದ ಇನಾಮದಾರರು, ಎದುರಿಗಿರುವವಳು ಯಾರೆಂದು ನೆನಪಾಗಿ ನಾಲಗೆ ಕಚ್ಚಿಕೊಂಡರು. "ತಪ್ಪು ತಿಳ್ಕೋಬ್ಯಾಡ್ರಿ ಮೇಡಂ."

"ಇಲ್ಲರೀ. ಸಂಸಾರ ಮಾಡುವಾಗ ನನಗೂ ಹೀಗೇ ಆಗುತ್ತಿತ್ತು" ಎಂದೆ.

ಹೊರಗೆ ಬಂದಾಗ ಜವಾನ ಹಿಂದೆಯೇ ಬಂದು ಗುಟ್ಟಿನಲ್ಲಿ ಒಂದು ಉಪಾಯ ಹೇಳಿದ. ಗಡಿ ಸರಿಯದಿದ್ದರೇನಾಯಿತು, ತಾಲ್ಲೂಕಿನ ಮಣ್ಣನ್ನು ಒಂದು ಚೀಲ ತುಂಬಿಕೊಂಡು ಹೋಗಿರಿ, ಅಜ್ಜಿಯ ಕಾಲು ಅದರ ಮೇಲಿದ್ದರೆ ತಾಲ್ಲೂಕಿನಲ್ಲೇ ಇದ್ದಂತೆ, ಎಂದ. ತರ್ಕದಲ್ಲಿ ಇದಕ್ಕೆ ಒಂದು ಹೆಸರಿದೆ, ಅದು ಒಳ್ಳೆಯ ಹೆಸರಲ್ಲ. ಆದರೂ ಮರುದಿನ ಹಿತ್ತಲಿನ ಮಣ್ಣನ್ನು ಅಗೆದು ಚೀಲಕ್ಕೆ ತುಂಬುತ್ತಿದ್ದವಳು ನಾನೇ.

ಊರಿನಲ್ಲಿ ಬಾಡಿಗೆ ಕಾರು ಓಡಿಸುವ ರಾಜೇಸಾಬ ಚೀಲವನ್ನು ಡಿಕ್ಕಿಯಲ್ಲಿಟ್ಟುಕೊಂಡ. ಅತ್ತೆಯನ್ನು ಕರೆದೊಯ್ಯುವ ಮೊದಲು ಪರೀಕ್ಷಿಸಿ ನೋಡೋಣವೆಂದು ನಾವಿಬ್ಬರೇ ಸೇತುವೆ ದಾಟಿದೆವು. ದಂಡೆಯ ಮೇಲೆ ಮಣ್ಣನ್ನು ಸುರಿದು ಹರವಿದ. ನಾನು ಆ ಹೆಸರನ್ನು ಹೇಳುವವಳಲ್ಲವಾದ್ದರಿಂದ ಅವನೇ ಚಪ್ಪಲಿ ಕಳಚಿ, ಅದರ ಮೇಲೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ನೀರಿನಲ್ಲಿ ಬಲೆ ಎಳೆಯುತ್ತಿದ್ದವರು, "ಯಾರನ್ನ ಕರಿಯಾಕತ್ತೀಯೋ ತಮ್ಮಾ, ಕಳಕೊಂಡೀಯೇನ?" ಎಂದರು.

"ನಮ್ಮ ತಾಲ್ಲೂಕನ್ನ ಕರಿಯಾಕತ್ತೀನ್ರೀ" ಎಂದ ರಾಜೇಸಾಬ.

ಅವರು ತಮ್ಮತಮ್ಮಲ್ಲೇ ಏನೋ ಅಂದುಕೊಂಡು ಬಲೆಯನ್ನು ದೂರಕ್ಕೆ ಒಯ್ದರು. ನನಗೆ ನಗು ಬರಬೇಕಿತ್ತು. ಬದಲಿಗೆ, ಸತ್ತೂ ಸಂಸಾರದ ಒಂದು ಕೆಲಸಕ್ಕೂ ಆಗದ ಈ ಮನುಷ್ಯನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಇಡೀ ತಾಲ್ಲೂಕಿಗೆ ಓ ಅನ್ನಲು ಪುರುಸೊತ್ತಿದೆ, ಹೆತ್ತ ತಾಯಿಗಾಗಿ ಒಂದು ಸೇತುವೆ ದಾಟಲು ಆಗುವುದಿಲ್ಲ.

ವಾರ ಮುಗಿಯುವ ಮೊದಲೇ ಅತ್ತೆ ಮತ್ತೆ ಬಿದ್ದಳು. ಈ ಸಲ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರಿಗೇ. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ನಾನು ಕೈ ಹಿಡಿದು ನಾಡಿ ಹುಡುಕಿದೆ. ಇತ್ತು, ಇರಲಿಲ್ಲ, ಆಮೇಲೆ ಯಾರೋ ನಿದ್ದೆಯಿಂದ ಎದ್ದು ಬಂದ ಹಾಗೆ ಮತ್ತೆ ಬಂತು. ಡಾಕ್ಟರಿಗೆ ಫೋನ್ ಮಾಡಿದೆ. "ಇನ್ನ ಕೇಳಬ್ಯಾಡ್ರಿ, ಎತ್ತಿ ಹಾಕ್ಕೊಂಡು ಹೋಗಿಬಿಡ್ರಿ, ನಾ ಆಸ್ಪತ್ರಿಗೆ ಹೇಳಿ ಇಡತೀನಿ" ಅಂದರು. ರಾಜೇಸಾಬ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ಇಬ್ಬರೂ ಸೇರಿ ಅವಳನ್ನು ಕಟ್ಟೆಯವರೆಗೆ ತಂದೆವು. ಅಷ್ಟರಲ್ಲಿ ಅವಳಿಗೆ ಪೂರ್ತಿ ಎಚ್ಚರವಾಗಿ, ಕಟ್ಟೆಯ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತುಬಿಟ್ಟಳು. ಎದುರುಮನೆಯವರು, ಹಾಲಿನವಳು, ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲರೂ ನಿಂತರು.

"ಅತ್ತಿ, ಕೈ ಬಿಡ್ರಿ."

"ಬಿಡಂಗಿಲ್ಲ."

"ಓ ಕೇಳಲಿಲ್ಲಂತ ಯಾರಾದರೂ ಸಾಯುತ್ತಾರೇನು? ನಿಮಗೆ ಓ ಕೇಳಬೇಕೋ, ಬದುಕಬೇಕೋ?"

ಅತ್ತೆ ನನ್ನನ್ನು ನೋಡಿದಳು. ನಾನು ದಡ್ಡ ವಿದ್ಯಾರ್ಥಿಗಳನ್ನು ಹೇಗೆ ನೋಡುತ್ತೇನೋ ಹಾಗೆ.

"ನನಗ ಓ ಕೇಳಬೇಕಂತ ಯಾರು ಹೇಳಿದ್ರು ನಿನಗ? ಆ ಓ ಏನ್ ಉಪಯೋಗದ್ದು? ಹೊಳಿ ಆಚೆ ಅಂವಾ ಇಲ್ಲಂತ ನನಗ ಗೊತ್ತಿಲ್ಲೇನ? ನಾ ಹೋಗಿ ಹೊಳ್ಳಿ ಬರದಿದ್ರ ಇಲ್ಲಿ ಅಂವನ್ನ ಕರಿಯೋರು ಯಾರು, ಅದನ್ನ ಹೇಳ."

"ಇಡೀ ತಾಲ್ಲೂಕೇ ಕರೀತೈತಲ್ಲ!"

"ತಾಲ್ಲೂಕು ಊರಿನ ಹೆಸರು ಹೇಳತೈತಿ. ಬಸ್ಸು ಎಲ್ಲಿಗಿ ಹೋಗತೈತಂತ ಹೇಳತೈತಿ. ಅಂವಾ ಪಾಪ ತನ್ನನ್ನ ಕರದ್ರಂತ ಓ ಅಂತಾನ, ಯಾರೂ ಹೊಳ್ಳಿ ನೋಡಂಗಿಲ್ಲ. ಈಗ ನಿಮ್ಮ ಸುಡಗಾಡ ಸದರಿ ಬಂದು ಅದೂ ಹೋತು. ಉಣ್ಣಾಕ ಬಾ ಅನ್ನಾಕಿ ನಾ ಒಬ್ಬಾಕಿ." ಉಸಿರು ಸಾಲದೆ ಸ್ವಲ್ಪ ತಡೆದಳು. "ನೀ ಅಂತೂ ಕಲ್ಲು. ಒಂದು ದಿನರ ಕರದೀಯೇನ? ನೀ ಕರೀತಿದ್ದಿ ಅಂದ್ರ ನಾ ಎಂದೋ ಈ ಗಾಡಿ ಹತ್ತತಿದ್ದೆ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಫೋನು, ತಹಸೀಲ್ದಾರರು, ಮಣ್ಣಿನ ಚೀಲ, ಇಷ್ಟೆಲ್ಲ ಆಗುವಾಗ ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಲೆಕ್ಕದ ಮೊದಲ ವಾಕ್ಯವೇ ತಪ್ಪಾಗಿತ್ತು, ಅದರ ಮೇಲೆ ನಾನು ಅಟ್ಟದವರೆಗೆ ಕಟ್ಟಿದ್ದೆ.

"ಆಯಿತು, ಬಂದ ಮೇಲೆ ಕರೀತೀನಿ" ಎಂದೆ.

"ಈಗ ಕರಿ. ನನ್ನ ಮುಂದ."

"ಅತ್ತಿ, ಜನ ನೋಡುತ್ತಿದ್ದಾರೆ."

"ನೋಡಲಿ. ಹೆಸರು ಹೇಳಿದ್ರ ಯಾರೂ ನಿನ್ನ ಗಲ್ಲಿಗಿ ಹಾಕಂಗಿಲ್ಲ."

ರಾಜೇಸಾಬ ಮೆಲ್ಲಗೆ ಹತ್ತಿರ ಬಂದ. "ಅಕ್ಕಾರ, ಹೆಸರಽ ಅಲ್ಲೇನ್ರಿ, ಅಂದುಬಿಡ್ರಿ. ನಾ ಸೈತ ಕೂಗೀನಿ, ಏನೂ ಆಗಲಿಲ್ಲ."

ಅತ್ತೆಯ ಮಣಿಕಟ್ಟು ಇನ್ನೂ ನನ್ನ ಕೈಯಲ್ಲಿತ್ತು. ಮಾತಾಡುತ್ತಿದ್ದ ಹಾಗೆಯೇ ಅದರೊಳಗಿನ ಮಿಡಿತ ನಿಂತಿತು. ಅವಳ ಕಣ್ಣು ತೇಲಿದವು, ಆದರೂ ಕಂಬದ ಮೇಲಿನ ಹಿಡಿತ ಸಡಿಲಲಿಲ್ಲ. ಮತ್ತೆ ಮಿಡಿತ ಬಂತು. ನಾನು ಮನೆಯ ಕಡೆಗೆ ತಿರುಗಿದೆ. ಪ್ರೀತಿಯಿಂದ ಕರೆದೆ ಎಂದು ಹೇಳಲಾರೆ. ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುವವನನ್ನು ಎಬ್ಬಿಸುವ ದನಿಯಲ್ಲಿ, ಬೀದಿಯ ಕೊನೆಯವರೆಗೆ ಕೇಳಿಸುವಂತೆ, ಆ ಹೆಸರನ್ನು ಹೇಳಿದೆ.

"ವೃಷಭೇಂದ್ರ!"

ಓ ಬರಲಿಲ್ಲ.

ಸಾಮಾನ್ಯವಾಗಿ ಕೊನೆಯ ಅಕ್ಷರ ಮುಗಿಯುವಷ್ಟರಲ್ಲೇ ಅದು ಬಂದಿರುತ್ತದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಾಲಿನವಳು ತಲೆಯ ಮೇಲಿನ ಗಡಿಗೆಯನ್ನು ಇಳಿಸಿದಳು. ಇಡೀ ತಾಲ್ಲೂಕಿಗೆ ಓ ಅಂದು, ನನಗೊಬ್ಬಳಿಗೆ ಅದೂ ಇಲ್ಲವೇ ಅಂದುಕೊಂಡೆ. ಆಗ ಒಳಕೋಣೆಯಿಂದ, ಪೇಪರನ್ನು ಮಡಚುವ ಸದ್ದಿನ ಹಿಂದೆ, ಗಂಟಲು ಸರಿಮಾಡಿಕೊಂಡು ಅವರು ಅಂದರು:

"ಬಂದೆ."

ಅಷ್ಟು ವರ್ಷಗಳಲ್ಲಿ ತಾಲ್ಲೂಕಿನಲ್ಲಿ ಯಾರಿಗೂ ಅದು ಸಿಕ್ಕಿರಲಿಲ್ಲ. ಎದುರುಮನೆಯವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಬಂದೆ ಅಂದ್ರು! ಸದರಿಯವರು ಬಂದೆ ಅಂದ್ರು!" ಎಂದು ಯಾರೋ ಪೇಟೆಯ ಕಡೆಗೆ ಓಡಿದರು. ಒಳಗೆ ಹೋಗಿ ನೋಡಬೇಕೆನಿಸಿತು, ನೋಡಲು ಧೈರ್ಯ ಬರಲಿಲ್ಲ. ಅತ್ತೆ ಮಾತ್ರ ಕಂಬ ಬಿಟ್ಟು, ಸೆರಗು ಸರಿಮಾಡಿಕೊಂಡು, ರಾಜೇಸಾಬನ ತೋಳು ಹಿಡಿದು ಕಾರಿನ ಕಡೆಗೆ ನಡೆದಿದ್ದಳು.

"ಕೇಳಿದ್ಯಲ್ಲ, ಬರತಾನಂತ. ಹತ್ತ ಲಗೂನ. ಎಷ್ಟೊತ್ತು ನಿಂದರತಿ?" ಎಂದಳು, ಇಷ್ಟು ಹೊತ್ತು ತಡ ಮಾಡಿದವಳು ನಾನೇ ಎನ್ನುವಂತೆ.

ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ರಾಜೇಸಾಬ ತನ್ನ ಪಕ್ಕದ ಸೀಟಿನ ಮೇಲಿದ್ದ ಬುತ್ತಿಯನ್ನೂ ಟವೆಲನ್ನೂ ತೆಗೆದು ಕಾಲ ಬಳಿ ಇಟ್ಟುಕೊಂಡ. ಆ ಬದಿಯ ಬಾಗಿಲನ್ನು ಒಮ್ಮೆ ತೆರೆದು, ಸ್ವಲ್ಪ ತಡೆದು, ಮತ್ತೆ ಹಾಕಿದ. ಸೇತುವೆ ಬಂದಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ನಾಡಿಯ ಮೇಲೆ ಬೆರಳಿಟ್ಟುಕೊಂಡೇ ನಾನು ಹೊಳೆ ದಾಟಿದೆ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದರು. ಗಾಜಿನ ಹಿಂದೆ ಕೂತಿದ್ದ ಹುಡುಗಿ ಒಂದೊಂದೇ ವಿವರ ಕೇಳಿದಳು. "ತಾಲ್ಲೂಕು?"

"ಸದರಿ."

"ಸದರಿ ಅಂದ್ರ ಯಾವುದ್ರೀ ಆಂಟಿ? ಹೆಸರು ಹೇಳ್ರಿ."

ಹೇಳಿದೆ. ಆ ದಿನ ಎರಡನೆಯ ಸಲ. ಅವಳು ಟೈಪ್ ಮಾಡಿಕೊಂಡು, ಅಕ್ಷರ ಸರಿಯಿದೆಯೇ ನೋಡಿ, ಮುಂದಿನ ಪ್ರಶ್ನೆ ಕೇಳಿದಳು. ಹಿಂದೆ ಉದ್ದನೆಯ ಪಡಸಾಲೆಯಿತ್ತು, ಜನರಿದ್ದರು, ಔಷಧದ ವಾಸನೆಯಿತ್ತು. ಯಾರೂ ಏನೂ ಅನ್ನಲಿಲ್ಲ. ಆದರೂ ತಿರುಗಿ ನೋಡಿದೆ. ಹುಡುಗಿ, "ಯಾರರ ಬರೋರದಾರೇನ್ರಿ?" ಎಂದು ಕೇಳಿದಳು. "ಹೌದು" ಎಂದುಬಿಟ್ಟೆ. ಮಾತುಗಳನ್ನು ತೂಗಿ ಆಡುವವಳು ನಾನು, ಅದು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ.

ಯಂತ್ರ ಕೂಡಿಸಿದರು. ದೊಡ್ಡ ಡಾಕ್ಟರರು ಹೊರಬಂದು, ಇನ್ನು ಹೆದರಿಕೆಯಿಲ್ಲ, ತಡವಾಗಿದ್ದರೆ ಕಷ್ಟವಿತ್ತು ಎಂದರು. ವಾರ್ಡಿನಲ್ಲಿ ಮಂಚದ ಪಕ್ಕ ಒಂದು ಕುರ್ಚಿಯಿತ್ತು. ನಾನು ಆಯಾಳಿಗೆ ಹೇಳಿ ಇನ್ನೊಂದನ್ನು ತರಿಸಿದೆ. ಅವಳು "ಒಬ್ಬರಿಗೆ ಒಂದಽ" ಎಂದು ಗೊಣಗಿಕೊಂಡೇ ತಂದುಹಾಕಿದಳು. ಅದನ್ನು ಬಾಗಿಲಿನ ಕಡೆಗೆ, ಬರುವವರಿಗೆ ಅಡ್ಡಿಯಾಗದಂತೆ ಸರಿಸಿ ಇಟ್ಟೆ. ಬಾಗಿಲಿನಲ್ಲಿ ಯಾರ ನೆರಳು ಹಾದರೂ ಕತ್ತೆತ್ತಿ ನೋಡಿದೆ. ಎಷ್ಟೋ ಜನ ಬಂದರು, ಪಕ್ಕದ ಮಂಚದವರ ಅಣ್ಣ, ಎಳನೀರು ಮಾರುವವನು, ನೆಲ ಒರೆಸುವವಳು.

ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಅತ್ತೆ ಕಣ್ಣು ಬಿಟ್ಟಳು. ಬಾಯಿ ಒಣಗಿತ್ತು. ನಾನು ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಸವರಿದೆ. ಅವಳ ದೃಷ್ಟಿ ನಿಧಾನವಾಗಿ ನನ್ನನ್ನು ಬಿಟ್ಟು ಬಾಗಿಲಿನ ಕಡೆಗೆ ಹೋಗಿ, ಆ ಕುರ್ಚಿಯ ಮೇಲೆ ನಿಂತಿತು.

"ಆ ಕುರ್ಚಿ ಯಾರಿಗೆ?"

ನಾನು ಹತ್ತಿಯನ್ನು ಮತ್ತೆ ನೀರಿಗೆ ಅದ್ದಿದೆ.

"ಬಂದೆ ಅಂದ ಅಂತ ಕಾಯಾಕತ್ತೀಯೇನ?" ದನಿ ಬತ್ತಿತ್ತು, ಆದರೂ ಅದರೊಳಗಿನ ಖಾರ ಹೋಗಿರಲಿಲ್ಲ. "ಸಣ್ಣಾಂವ ಇದ್ದಾಗಿಂದ ಕೇಳೀನಿ ಅದನ್ನ. ಬಂದೆ ಅಂದ್ರ ಅಂವಾ ಬರಂಗಿಲ್ಲ ಅಂತ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳೀಲಿಲ್ಲೇನ ನಿನಗ?"

"ಹಾಗಾದರೆ ಕಾರು ಯಾಕೆ ಹತ್ತಿದಿರಿ?" ನನ್ನ ದನಿ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. "ಬರತಾನಂತ, ಲಗೂನ ಹತ್ತು ಅಂದವರು ನೀವೇ ಅಲ್ಲವೇ?"

"ನೀ ಕರದಿ. ಹತ್ತಿದೆ."

ಅಷ್ಟು ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು. ಮಂಚದ ತಲೆಯ ಬಳಿ, ಎದೆಬಡಿತ ತೋರಿಸುವ ಪರದೆಯಲ್ಲಿ ಹಸಿರು ಗೆರೆ ಎಲ್ಲಿಯೂ ತಡೆಯದೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ನಿದ್ದೆ ಹೋದಳೆಂದುಕೊಂಡೆ. ನನ್ನ ಸೊಂಟ ಬೆಳಗಿನಿಂದ ಹಿಡಿದುಕೊಂಡಿತ್ತು, ಕಾಲುಗಳು ಬಾತಿದ್ದವು.

"ಇನ್ನೂ ಹಂಗಽ ಕುಂತೀಯಲ್ಲ" ಎಂದಳು ಕಣ್ಣು ತೆರೆಯದೆಯೇ. "ಎಳಕೋ ಆ ಕುರ್ಚಿ. ಕಾಲರ ಚಾಚು."

ನಾನು ಇನ್ನೊಮ್ಮೆ ಬಾಗಿಲು ನೋಡಿದೆ. ಆಮೇಲೆ ಕುರ್ಚಿಯನ್ನು ಎಳೆದುಕೊಂಡು, ಚಪ್ಪಲಿ ಕಳಚಿ, ಅದರ ಮೇಲೆ ಕಾಲು ಚಾಚಿದೆ.